ಮಾತು ಬಂದ್ಮೇಲೆ ಓದು ಅಂತ ಕಾಯ್ತಾ ಕೂರ್ಬೇಡಿ

ಪ್ರಶ್ನೆ: ನನ್ ಮಗನಿಗೆ 8 ವರ್ಷ, ಡೌನ್ ಸಿಂಡ್ರೋಮ್, ಹುಟ್ಟಿನಿಂದ್ಲೇ ಇರೋದು, ಮಾತು ಕಲಿಕೆ ಎಲ್ಲಾ ನಿಧಾನ. ನಮ್ದು ಮದ್ದೂರು ಹತ್ರ ಹಳ್ಳಿ, ಊರಿನ ಸರ್ಕಾರಿ ಸ್ಕೂಲಲ್ಲೇ ಎರಡನೇ ಕ್ಲಾಸು. ಹತ್ತು ಹದಿನೈದು ಮಾತಾಡ್ತಾನೆ, ಅದೂ ಮನೆಯವರಿಗೆ ಮಾತ್ರ ತಿಳಿಯೋದು. ನಾವು ಹೇಳಿದ್ದು ಅವನಿಗೆ ಚೆನ್ನಾಗೇ ಅರ್ಥ ಆಗತ್ತೆ. ಬೋರ್ಡ್ ನೋಡ್ಕೊಂಡು ಅ ಆ ಇ ಈ ಬರೀತಾನೆ, ಇದ್ಯಾವ ಅಕ್ಷರ ಅಂದ್ರೆ ಸುಮ್ನಾಗ್ಬಿಡ್ತಾನೆ. ಮಿಸ್ಸು "ಮೊದ್ಲು ಮಾತು ಬರ್ಲಿ, ಓದು ಆಮೇಲೆ ನೋಡೋಣ" ಅಂತಾರೆ. ಯಾರೋ ಚಿತ್ರದ ಕಾರ್ಡ್ ಇಟ್ಕೊಂಡು ಮಾತಾಡ್ಸಿ ಅಂದ್ರು, ಕಾರ್ಡ್ ಅಭ್ಯಾಸ ಆದ್ರೆ ಬಾಯೇ ಬಿಡಲ್ಲ ಅಂತ ನಮ್ಮನೆಯವ್ರಿಗೆ ಭಯ. ನಮ್ಮತ್ತೆ ದಿನಾ ಬಜೆ ತೇದು ನಾಲಿಗೆಗೆ ಹಚ್ತಾರೆ. ಮೈಸೂರಲ್ಲಿ ಸ್ಪೆಷಲ್ ಸ್ಕೂಲಿಗೆ ಸೇರ್ಸೋದಾ ಅಂತಾನೂ ಯೋಚ್ನೆ. ಏನ್ ಮಾಡ್ಲಿ?

ಉತ್ತರ: ನೋಡಮ್ಮ, ಮಿಸ್ಸು ಹೇಳಿದ್ದು ಉಲ್ಟಾ. ಅವರ ಮೇಲೆ ನಂಗೇನೂ ಕೋಪ ಇಲ್ಲ, ಯಾಕಂದ್ರೆ ಇಪ್ಪತ್ತು ವರ್ಷದ ಹಿಂದೆ ನಾನೂ ಇದನ್ನೇ ಹೇಳ್ತಿದ್ದೆ. ಮೈಸೂರಲ್ಲಿ ಮಾತಿನ ಥೆರಪಿ ಶುರು ಮಾಡಿದ ಹೊಸದ್ರಲ್ಲಿ ನನ್ನ ಟೇಬಲ್ ಡ್ರಾ ತುಂಬ ಪೀಪಿ, ಬಲೂನು, ಮೇಣದ ಬತ್ತಿ, ಊದಿಸೋದು, ನಾಲಿಗೆ ಹೊರಗೆ ಹಾಕ್ಸೋದು, ಒಳಗೆ ಎಳ್ಸೋದು, ವಾರಕ್ಕೆರಡು ಸಲ ಬಸ್ ಚಾರ್ಜ್ ಹಾಕ್ಕೊಂಡು ಬರೋ ತಾಯಂದಿರ ಕೈಲೂ ಅದನ್ನೇ ಮಾಡಿಸ್ತಿದ್ದೆ. ಪೀಪಿ ಊದಿದ ಮಗು ಪೀಪಿ ಊದೋದು ಕಲೀತು ಅಷ್ಟೆ. ಊದೋ ವ್ಯಾಯಾಮದಿಂದ ಮಾತು ಬರತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಈಗ್ಲೂ ಎಷ್ಟೋ ಕಡೆ ಮಾಡಿಸ್ತಾರೆ, ನೀವು ದುಡ್ಡು ಟೈಮು ಕಳ್ಕೋಬೇಡಿ.

ಯಾಕೆ ಉಲ್ಟಾ ಅಂದ್ರೆ, ಡೌನ್ ಸಿಂಡ್ರೋಮ್ ಇರೋ ಮಕ್ಕಳಿಗೆ ಸಾಮಾನ್ಯವಾಗಿ ಕಿವೀಲಿ ಕೇಳಿದ್ದನ್ನ ಹಿಡಿದಿಟ್ಕೊಳ್ಳೋದು ಕಷ್ಟ, ಕಣ್ಣಲ್ಲಿ ಕಂಡಿದ್ದು ಅದಕ್ಕಿಂತ ಚೆನ್ನಾಗಿ ನಿಲ್ಲತ್ತೆ. ನೀವು "ಚಪ್ಲಿ ಹಾಕ್ಕೊಂಡು ಅಜ್ಜಿ ಹತ್ರ ಹೋಗಿ ಮಜ್ಜಿಗೆ ಇಸ್ಕೊಂಡು ಬಾ" ಅಂದ್ರೆ ಬಾಗಿಲು ದಾಟೋ ಹೊತ್ಗೆ ಮಜ್ಜಿಗೆ ಮರ್ತೋಗಿರತ್ತೆ. ಬಾಯಿಂದ ಬಂದ ಮಾತು ಗಾಳೀಲಿ ಹೋಗತ್ತೆ, ಬರೆದ ಪದ ಅಲ್ಲೇ ಕೂತಿರತ್ತೆ, ಎಷ್ಟು ಸಲ ಬೇಕಾದ್ರೂ ನೋಡ್ಬೋದು. ಅದಕ್ಕೆ ಎಷ್ಟೋ ಮಕ್ಕಳು ಮೊದಲು ಕಾಗದದ ಮೇಲೆ ಪದ ಗುರ್ತು ಹಿಡಿದು ಆಮೇಲೆ ಅದನ್ನ ಬಾಯಲ್ಲಿ ಆಡೋಕೆ ಶುರು ಮಾಡ್ತಾರೆ. ಇಂಥ ಮಕ್ಕಳಿಗೆ ಓದೇ ಮಾತಿನ ದಾರಿ, ಅದನ್ನೇ ಮುಚ್ಚಿಟ್ಟು ಮಾತು ಬರ್ಲಿ ಅಂದ್ರೆ ಹೇಗೆ?

ಆದ್ರೆ ಎಲ್ಲಕ್ಕಿಂತ ಮೊದ್ಲು ಕಿವಿ. ಕೊನೇ ಸಲ ಕಿವಿ ಟೆಸ್ಟ್ ಯಾವಾಗ ಮಾಡ್ಸಿದ್ದು ಅಂತ ನೀವು ಬರ್ದಿಲ್ಲ. ಈ ಮಕ್ಕಳಿಗೆ ಕಿವಿಯ ದಾರಿ ಸಣ್ಣದು, ಗುಗ್ಗೆ ಬೇಗ ಕಟ್ಕೊಳ್ಳತ್ತೆ, ಕಿವಿ ತಮಟೆ ಹಿಂದೆ ಅಂಟಂಟು ನೀರು ನಿಲ್ಲೋದು ಬಹಳ ಸಾಮಾನ್ಯ. ಪೂರ್ತಿ ಕಿವುಡು ಅಲ್ಲ, ನೀರೊಳಗೆ ಮುಳುಗಿ ಕೇಳ್ದಂಗೆ, ಹೆಸರಿಡಿದು ಕೂಗಿದ್ರೆ ತಿರುಗ್ತಾನೆ, ಅದಕ್ಕೆ ಮನೇಲಿ ಯಾರಿಗೂ ಅನುಮಾನ ಬರಲ್ಲ. ಆದ್ರೆ ತ ಯಾವುದು ಕ ಯಾವುದು, ಸ ಯಾವುದು ಅನ್ನೋ ಸೂಕ್ಷ್ಮ ಕೇಳಲ್ಲ. ಒಂದು ತಿಂಗಳು ಚೆನ್ನಾಗಿ ಕೇಳಿ ನೆಗಡಿ ಬಂದ ತಿಂಗಳು ಕೇಳದೇನೂ ಇರ್ಬೋದು, ಹಾಗಾಗಿ ಒಂದ್ಸಲ ಟೆಸ್ಟ್ ಆಯ್ತು ಅಂದ್ರೆ ಮುಗೀಲಿಲ್ಲ, ವರ್ಷಾವರ್ಷಾ ಮಾಡಿಸ್ಬೇಕು. ಮೈಸೂರಿನ ಮಾನಸಗಂಗೋತ್ರಿ ಹತ್ರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಾವೆಲ್ಲ ಆಯಿಷ್ ಅಂತೀವಿ, ಆಟೋದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಅಂದ್ರೆ ಸಾಕು. ಕೇಂದ್ರ ಸರ್ಕಾರದ್ದು, ಕಿವಿ ಟೆಸ್ಟು ಮಾತಿನ ಟೆಸ್ಟು ಎರಡೂ ಒಂದೇ ಕಾಂಪೌಂಡಲ್ಲಿ ಆಗತ್ತೆ. ಬೆಳಿಗ್ಗೆ ಬೇಗ ಹೊರಡಿ, ಒಂದು ದಿನ ಪೂರ್ತಿ ಹೋಗತ್ತೆ ಅಂತ್ಲೇ ಬನ್ನಿ, ಮಗೂಗೆ ತಿಂಡಿ ಡಬ್ಬಿ ಕಟ್ಕೊಳ್ಳಿ. ಹಂಗೇ ಕಣ್ಣಿನ ಪರೀಕ್ಷೆ, ಥೈರಾಯ್ಡ್ ರಕ್ತ ಪರೀಕ್ಷೆನೂ ಮಾಡ್ಸಿ, ಈ ಮಕ್ಕಳಿಗೆ ಎರಡೂ ತೊಂದರೆ ಜಾಸ್ತಿ.

ಇನ್ನು ಕಾರ್ಡ್ ಭಯ. ನಿಮ್ಮನೆಯವರೊಬ್ರೇ ಅಲ್ಲ, ನನ್ಹತ್ರ ಬರೋ ಹತ್ತು ಜನದಲ್ಲಿ ಎಂಟು ಜನ ಇದನ್ನೇ ಕೇಳ್ತಾರೆ. 2006ರಲ್ಲಿ ಸಂಶೋಧಕರು ಇದೇ ಪ್ರಶ್ನೆ ಇಟ್ಕೊಂಡು ಅಲ್ಲೀವರ್ಗೂ ಆಗಿದ್ದ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿದ್ರು. ನಂಬೋ ಅಂಥ ದಾಖಲೆ ಇದ್ದಿದ್ದು 27 ಜನರದ್ದು, ಚಿತ್ರ, ಸನ್ನೆ, ಮಾತಾಡೋ ಮೆಷೀನು ಇಂಥವು ಕೊಟ್ಟ ಮೇಲೆ ಅವರಲ್ಲಿ ಒಬ್ಬರಿಗೂ ಮಾತು ಕಮ್ಮಿ ಆಗಿರ್ಲಿಲ್ಲ, ಶೇಕಡ 89 ಜನಕ್ಕೆ ಮಾತು ಅಷ್ಟೋ ಇಷ್ಟೋ ಹೆಚ್ಚಾಗಿತ್ತು. 27 ಅಂದ್ರೆ ಸಣ್ಣ ಲೆಕ್ಕಾನೇ, ನಾನು ಇಲ್ಲ ಅನ್ನಲ್ಲ, ಆದ್ರೆ ನನ್ನ ಟೇಬಲ್ ಮುಂದೆ ಕಂಡಿದ್ದೂ ಅದೇ. ಹೇಳ್ಬೇಕು ಅಂದ್ಕೊಂಡಿದ್ದು ಎದುರಿಗಿರೋರಿಗೆ ತಿಳೀತು ಅಂದ್ರೆ ಮಗು ಇನ್ನೊಂದ್ಸಲ ಹೇಳೋಕೆ ನೋಡತ್ತೆ. ಎಷ್ಟು ಹೇಳಿದ್ರೂ ತಿಳೀಲಿಲ್ಲ ಅಂದ್ರೆ ಹೊಡೆಯತ್ತೆ ಇಲ್ಲ ಸುಮ್ನಾಗತ್ತೆ.

ಆದ್ರೆ ಕಾರ್ಡ್ ಅಂದ ತಕ್ಷಣ ಜನ ಅಂಗಡಿಗೆ ಹೋಗಿ ಹಣ್ಣು, ತರಕಾರಿ, ಪ್ರಾಣಿ ಚಾರ್ಟ್ ತರ್ತಾರೆ, ಅದು ಬೇಡ. ಜೀಬ್ರಾ ತೋರ್ಸಿ ಅವನೇನ್ ಮಾಡ್ಬೇಕು? ದಿನವಿಡೀ ನಾವು ಆಡೋ ಮಾತು ನೋಡಿ, ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗೋಣ, ಕೊಡು, ನೋಡು, ನಂದು, ಎಲ್ಲಿ, ಆಯ್ತು. ಈ ಹನ್ನೊಂದು ಪದದಲ್ಲಿ ಊಟದಿಂದ ಆಟದವರ್ಗೂ ಎಲ್ಲಾ ನಡೆಯತ್ತೆ. ಒಂದು ರಟ್ಟು ತಗೊಳ್ಳಿ, ಹನ್ನೆರಡು ಚೌಕ ಹಾಕಿ, ಒಂದೊಂದರಲ್ಲಿ ಒಂದು ಸಣ್ಣ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಪದ, ಹನ್ನೆರಡನೇದು ಅವನಿಗೆ ಪ್ರಾಣ ಇರೋದು ಯಾವುದಾದ್ರೂ. ಝೆರಾಕ್ಸ್ ಅಂಗಡೀಲಿ ಲ್ಯಾಮಿನೇಷನ್ ಮಾಡ್ಸಿ ದಾರ ಹಾಕಿ ಅಡುಗೆ ಮನೆ ಗೂಟಕ್ಕೆ ನೇತಾಕಿ. ಚೌಕದ ಜಾಗ ಮಾತ್ರ ಬದಲಾಯಿಸ್ಬೇಡಿ, "ಇನ್ನೂ" ಅನ್ನೋದು ಯಾವಾಗ್ಲೂ ಅದೇ ಮೂಲೇಲಿ ಇರ್ಬೇಕು, ಕೈ ತಾನಾಗೇ ಹೋಗ್ಬೇಕು.

ಈಗ ಮುಖ್ಯ ವಿಷಯ, ಜನ ತಪ್ಪೋದೇ ಇಲ್ಲಿ. ರಟ್ಟು ಮುಂದಿಟ್ಟು "ಬೇಕು ಎಲ್ಲಿದೆ ತೋರ್ಸು, ಬೇಡ ತೋರ್ಸು" ಅಂತ ಪರೀಕ್ಷೆ ಮಾಡ್ಬೇಡಿ. ತೋರ್ಸೋ ಕೆಲಸ ಮೊದ್ಲು ನಿಮ್ಮದು. ನೀವು ಮುದ್ದೆ ಬಡಿಸುವಾಗ "ಇನ್ನೂ ಬೇಕಾ?" ಅಂತ ಕೇಳ್ತಾ ನೀವೇ "ಇನ್ನೂ" ಮುಟ್ಟಿ, ನೀವೇ "ಬೇಕು" ಮುಟ್ಟಿ. ತಟ್ಟೆ ಖಾಲಿ ಆದ್ರೆ "ಆಯ್ತು" ಮುಟ್ಟಿ. ಅವನು ಏನೂ ಮುಟ್ಟದಿದ್ರೂ ವಾರಗಟ್ಲೆ ಹಿಂಗೇ. ಹುಟ್ಟಿದ ಮಗೂಗೆ ನಾವು ಒಂದು ವರ್ಷ ಸುಮ್ನೆ ಮಾತಾಡ್ತೀವಲ್ಲ, ಅದು ಉತ್ತರ ಕೊಡಲಿ ಅಂತ ಕಾಯ್ತೀವಾ? ಮತ್ತೆ ಏನಾದ್ರೂ ಕೇಳಿದ ಮೇಲೆ ಬಾಯಿ ಮುಚ್ಕೊಂಡು ಮನಸ್ಸಲ್ಲೇ ಹತ್ತು ಎಣಿಸಿ. ಹತ್ತು ಎಣಿಸೋದು ಎಷ್ಟು ಕಷ್ಟ ಅಂತ ಮಾಡಿದ್ಮೇಲೆ ಗೊತ್ತಾಗತ್ತೆ, ನಾಲ್ಕಕ್ಕೇ ಯಾರಾದ್ರೂ ಬಾಯಿ ಹಾಕ್ತಾರೆ. ನನ್ಹತ್ರ ಬರ್ತಿದ್ದ ಒಂದು ಹುಡುಗಿ, ಸೆರೆಬ್ರಲ್ ಪಾಲ್ಸಿ, ಅಂದ್ರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ, ಒಂದು ಮಾತೂ ಇಲ್ಲ, ಮೂರು ತಿಂಗಳು ರಟ್ಟಿನ ಕಡೆ ನೋಡ್ತಿರ್ಲಿಲ್ಲ. ಒಂದಿನ ನಾನು ಉತ್ಸಾಹದಲ್ಲಿ ಅದೇ ಕಥೆ ಮೂರನೇ ಸಲ ಓದ್ತಿದ್ದೆ, ಆಕೆ ಕೈ ನಿಧಾನಕ್ಕೆ ಎಳ್ಕೊಂಡು ಬಂದು "ಸಾಕು" ಮೇಲೆ ಇಟ್ಳು. ಅವರಮ್ಮ ಅತ್ತೇ ಬಿಟ್ರು. ನಾನು ಪುಸ್ತಕ ಮುಚ್ಚಿಟ್ಟೆ, ಮುಚ್ಚಲೇಬೇಕಿತ್ತು, ಸಾಕು ಅಂದ್ಮೇಲೂ ಓದಿದ್ರೆ ಆ ಪದಕ್ಕೆ ಬೆಲೆ ಏನು.

ಮೊಬೈಲಲ್ಲಿ ಮುಟ್ಟಿದ್ರೆ ಮಾತಾಡೋ ಆಪ್‌ಗಳೂ ಇವೆ, ಚೆನ್ನೈನವ್ರದ್ದು ಅವಾಜ್, ಐಐಟಿ ಬಾಂಬೆಯವ್ರದ್ದು ಜೆಲ್ಲೋ. ಒಳ್ಳೇವೇ. ಆದ್ರೆ ಮೊದಲ ಆರು ತಿಂಗಳು ರಟ್ಟೇ ಇರ್ಲಿ ಅಂತೀನಿ ನಾನು, ಫೋನ್ ಕೊಟ್ರೆ ಆಪ್ ಪಕ್ಕದಲ್ಲೇ ಯೂಟ್ಯೂಬ್ ಕೂತಿರತ್ತೆ, ನಿಮಗೂ ಗೊತ್ತು.

ಈಗ ಓದು. ನಿಮ್ಮ ಹುಡುಗ ನೋಡಿ ಬರೀತಾನೆ ಹೇಳಲ್ಲ ಅಂದ್ರಲ್ಲ, ಅದು ಓದು ಬರಲ್ಲ ಅಂತಲ್ಲ, "ಹೇಳು" ಅನ್ನೋದೇ ಅವನಿಗೆ ಕಷ್ಟದ ಪರೀಕ್ಷೆ. ಬಾಯಿ ಬಿಡಿಸದೇ ಓದು ಬರತ್ತಾ ಅಂತ ನೋಡ್ಬೋದು. ಅವನಿಗೆ ಗೊತ್ತಿರೋ, ಇಷ್ಟ ಇರೋ ನಾಲ್ಕು ಪದ ತಗೊಳ್ಳಿ, ನಿಮ್ಮೂರಲ್ಲಾದ್ರೆ ಅಮ್ಮ, ಕಬ್ಬು, ಹಸು, ಟ್ರ್ಯಾಕ್ಟರ್. ಒಂದೊಂದೂ ಎರಡೆರಡು ಚೀಟಿ. ಮೊದಲು ಎರಡೇ ಪದ, ಚೀಟಿ ಮೇಲೆ ಅದೇ ಚೀಟಿ ಇಡೋ ಜೋಡಿ ಆಟ. ತಪ್ಪು ಕಡೆ ಕೈ ಹೋದ್ರೆ "ಅಲ್ಲ" ಅನ್ಬೇಡಿ, ಕೈ ಹಿಡಿದು ಸರಿ ಕಡೆ ಇಡಿಸಿ. ಇಡುವಾಗೆಲ್ಲ ನೀವು ಪದ ಹೇಳಿ. ಅದು ಸಲೀಸಾದ್ಮೇಲೆ "ಕಬ್ಬು ಕೊಡು" ಅನ್ನಿ, ಎರಡು ಚೀಟೀಲಿ ಆರಿಸಿ ಕೊಡ್ಲಿ. ಬಾಯಲ್ಲಿ ಹೇಳೋದು ಕಟ್ಟಕಡೇಗೆ, ಹೇಳಿದ್ರೆ ಸರಿ, ಹೇಳದಿದ್ರೆ ಆರಿಸಿದ್ದೇ ಓದು ಅಂತ ಲೆಕ್ಕ. ದಿನಕ್ಕೆ ಐದು ನಿಮಿಷ, ಅವನು ಎದ್ದು ಹೋಗೋ ಮುಂಚೆ ನೀವೇ ನಿಲ್ಸಿ.

ಪದ ಆರಿಸೋವಾಗ ಒಂದು ಎಚ್ಚರ. ಎಲ್ರೂ ಅಮ್ಮ ಅಪ್ಪ ಒಟ್ಟಿಗೆ ಕಲಿಸ್ತಾರೆ, ಕಾಗದದ ಮೇಲೆ ಬರೆದು ದೂರದಿಂದ ನೋಡಿ, ಎರಡೂ ಅವಳಿ ಜವಳಿ ಇದ್ದಂಗಿವೆ. ಅಪ್ಪನ್ನ ಒಂದೆರಡು ತಿಂಗಳು ಹಿಂದಕ್ಕೆ ತಳ್ಳಿ, ಅವರು ಬೇಜಾರ್ ಮಾಡ್ಕೊಳ್ಳಲ್ಲ. ಟ್ರ್ಯಾಕ್ಟರ್ ಅನ್ನೋದು ಒತ್ತು ಗಿತ್ತು ಎಲ್ಲಾ ಇದ್ದು ಭಯಂಕರ ಕಾಣತ್ತೆ, ಮೇಷ್ಟ್ರು ನೋಡಿದ್ರೆ ಎರಡನೇ ಕ್ಲಾಸಿಗೆ ಇದೆಂಥ ಪದ ಅಂತ ಬೈತಾರೆ, ಆದ್ರೆ ನಮ್ಮ ಮಕ್ಕಳು ಎಷ್ಟೋ ಸಲ ಅದನ್ನೇ ಮೊದ್ಲು ಹಿಡಿಯೋದು, ಯಾಕಂದ್ರೆ ಅದರಂಗೆ ಕಾಣೋದು ಇನ್ನೊಂದಿಲ್ಲ.

ಇಂಗ್ಲಿಷ್ ಪುಸ್ತಕಗಳಲ್ಲಿ ಹಿಂಗೇ ಪೂರ್ತಿ ಪದ ಕಲಿಸ್ತಾ ಹೋಗಿ ಅಂತಿರತ್ತೆ, ನಮ್ಮ ಕನ್ನಡಕ್ಕೆ ಅದು ಅರ್ಧ ದಾರಿಗೇ ನಿಲ್ಲತ್ತೆ. ಮನೆ ಅಂತ ಒಂದು ಪದ ಗುರ್ತು ಸಿಕ್ತು ಅನ್ನಿ, ಪುಸ್ತಕದಲ್ಲಿ ಅದು ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು ಅಂತೆಲ್ಲ ಬಾಲ ಬೆಳೆಸ್ಕೊಂಡು ಬರತ್ತೆ, ಮಗೂಗೆ ಪ್ರತಿಯೊಂದೂ ಹೊಸ ಪದ. ಹಾಗಾಗಿ ಮೂವತ್ತು ನಲವತ್ತು ಪದ ಕೂತ ಮೇಲೆ ಅದರೊಳಗಿನ ಅಕ್ಷರಕ್ಕೆ ಇಳೀಲೇಬೇಕು. ಇಳಿಯೋವಾಗ ಅ ಆ ಇ ಈ ಇಂದ ಶುರು ಮಾಡ್ಬೇಡಿ. ಆ ಸಾಲಲ್ಲಿ ಋ ಬರೋವರ್ಗೂ ಕಲಿತ್ರೂ ಆ, ಈ ಅನ್ನೋದು ಬಿಟ್ರೆ ಅದರಲ್ಲಿ ಬರೆಯೋಕೆ ಪದಾನೇ ಸಿಗಲ್ಲ. ನಿಮ್ಮ ಸ್ಕೂಲಲ್ಲಿ ನಲಿ ಕಲಿ ಅನ್ನೋ, ಆಡ್ತಾ ಕಲಿಯೋ ಪದ್ಧತಿ ಇರ್ಬೇಕು, 1995ರಲ್ಲಿ ನಮ್ಮ ಮೈಸೂರು ಜಿಲ್ಲೆ ಎಚ್.ಡಿ.ಕೋಟೆ ತಾಲ್ಲೂಕಲ್ಲೇ ಶುರುವಾಗಿದ್ದು ಅದು. ಅದರಲ್ಲಿ ರ ಗ ಸ ದ ಅ ಅಂತ ಐದು ಅಕ್ಷರದಿಂದ ಹೊರಡ್ತಾರೆ, ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಬಂದ್ಬಿಡತ್ತೆ, ಮಗೂಗೆ ಎರಡನೇ ವಾರಕ್ಕೇ ಓದಿದ ಖುಷಿ. ತಟ್ಟೆ ಅಂದ್ರೆ ಕೂರೋ ಗುಂಪು ಬದಲಾಯಿಸ್ಕೊಂಡು, ಕಾರ್ಡ್ ಹಿಡ್ಕೊಂಡು, ಕಲಿಕೆಯ ಏಣೀಲಿ ಅವರವರ ಮೆಟ್ಟಿಲು ಅವರವರು ಹತ್ತೋ ಪದ್ಧತಿ ನಿಮ್ಮ ಮಗನಂಥವರಿಗೆ ಹೇಳಿ ಮಾಡ್ಸಿದಂಗಿದೆ. ಒಂದು ಮೆಟ್ಟಿಲಲ್ಲಿ ಅವನು ನಾಲ್ಕು ತಿಂಗಳು ನಿಂತ್ರೂ ತಪ್ಪಿಲ್ಲ ಅಂತ ಮಿಸ್ಸಿಗೆ ಹೇಳಿ.

ನಿಧಾನ ಅಂತ ಗಾಬರಿ ಆಗ್ಬೇಡಿ. 34 ವ್ಯಂಜನಕ್ಕೆ ಗುಣಿತ ಹಾಕಿದ್ರೇ ನಾನೂರು ಆಕಾರ ದಾಟತ್ತೆ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತೊಂದರೇನೂ ಇಲ್ಲದ ಮಕ್ಕಳಿಗೇ ಅಕ್ಷರಗಳೆಲ್ಲ ಕೈಗೆ ಬರೋಕೆ ಇಂಗ್ಲಿಷ್ ಮಕ್ಕಳಿಗಿಂತ ಬಹಳ ಹೆಚ್ಚು ವರ್ಷ ಹಿಡಿಯತ್ತೆ ಅಂತ ತೋರಿಸಿದ್ರು. ಅದರಲ್ಲೂ ಕೆಲವು ಜಾಗ ಎಲ್ರೂ ಎಡವೋದೇ. ದ ಧ ಥ, ಪ ವ ಷ ಒಂದೇ ದಿನ ಕಲಿಸ್ಬೇಡಿ. ಅರ್ಕಾವತ್ತು ಅಂತೂ ಕೇಳ್ಲೇಬೇಡಿ, ಸೂರ್ಯ ಅಂತ ಬರೆದಾಗ ರ್ ಅನ್ನೋ ಸದ್ದು ಯ ಗಿಂತ ಮೊದ್ಲು ಬರತ್ತೆ, ಕಾಗದದ ಮೇಲೆ ಆ ಕೊಂಡಿ ಯ ಆದ್ಮೇಲೆ ಕೂತಿರತ್ತೆ, ಕಣ್ಣು ಎಡದಿಂದ ಬಲಕ್ಕೆ ಹೋಗತ್ತೆ ಬಾಯಿ ಬಲದಿಂದ ಎಡಕ್ಕೆ ಬರ್ಬೇಕು. ದೊಡ್ಡವರಿಗೆ ಅಭ್ಯಾಸ ಆಗಿ ಗೊತ್ತಾಗಲ್ಲ ಅಷ್ಟೆ. ಇದಕ್ಕೆ ನಿಯಮ ಹೇಳೋದು ಬಿಟ್ಟು ಸೂರ್ಯ ಅನ್ನೋದನ್ನ ಒಂದೇ ಮುದ್ದೆಯಾಗಿ ಗುರ್ತು ಮಾಡ್ಸಿ.

ನಮ್ಮ ಮಂಡ್ಯ ಕಡೆಯ ಇನ್ನೊಂದು ವಿಷಯ. ಅವನು ಹಾಲು ಅನ್ನೋದನ್ನ ಆಲು ಅಂದ, ಹಸು ಅನ್ನೋದನ್ನ ಅಸ ಅಂದ ಅಂತ ಸ್ಕೂಲಲ್ಲಿ ತಪ್ಪು ಹಾಕಿದ್ರೆ ದಯವಿಟ್ಟು ಜಗಳ ಆಡಿ. ಅವರಜ್ಜೀನೂ ಅಸ ಅಂತಾರೆ, ಊರಿಗೂರೇ ಅಸ ಅನ್ನತ್ತೆ, ಅದು ಮಾತಿನ ತೊಂದರೆನೂ ಅಲ್ಲ ಓದಿನ ತಪ್ಪೂ ಅಲ್ಲ. ಸರಿಯಾದ ಚೀಟಿ ಎತ್ತಿ ಅಸ ಅಂದ್ರೆ ಓದ್ದ ಅಂತ್ಲೇ. ನಾನೇ ಒಂದ್ಸಲ ಪಾಂಡವಪುರ ಕಡೆಯ ಹುಡುಗನಿಗೆ ಆರು ವಾರ ಹಕಾರ ತಿದ್ದಿದೀನಿ, ಅವರಪ್ಪ ಬಂದು "ಏನ್ ಮೇಡಂ, ಉಸಾರಾ" ಅಂದಾಗ ನಂಗೆ ಬುದ್ಧಿ ಬಂತು.

ಪುಸ್ತಕ ಮನೇಲೇ ಮಾಡಿ, ಅಂಗಡಿದು ಬೇಡ. ಫೋನಲ್ಲಿ ಅವನದೇ ಆರು ಫೋಟೋ, ಹಸೂಗೆ ಹುಲ್ಲು ಹಾಕ್ತಿರೋದು, ಅಪ್ಪನ ಜೊತೆ ಆಲೆಮನೇಲಿ ಬೆಲ್ಲ ತಿಂತಿರೋದು, ಬಸ್ಸಿಗೆ ಕಾಯ್ತಿರೋದು. ಪುಟಕ್ಕೆ ಒಂದು ಫೋಟೋ, ಒಂದು ಸಾಲು, ನೀವಾಡೋ ಭಾಷೇಲೇ, "ಬೆಲ್ಲ ಇನ್ನೂ ಬೇಕು." ರಟ್ಟಿನ ಪದಗಳೇ ಪುಸ್ತಕದಲ್ಲಿ ಬರಂಗೆ ನೋಡ್ಕೊಳ್ಳಿ. ಓದುವಾಗ ಇದೇನು ಅದೇನು ಅಂತ ಕೇಳ್ಬೇಡಿ, ಸಾಲು ಓದಿ, ಕೊನೇ ಪದಕ್ಕೆ ನಿಲ್ಸಿ, ಹತ್ತು ಎಣಿಸಿ. "ಬೇಕು" ಅಂತ ಮುಟ್ಟಿದ್ರೂ ಸರಿ, "ಏಉ" ಅಂದ್ರೂ ಸರಿ. ಏಉ ಅಂದ್ರೆ "ಹೂಂ, ಬೆಲ್ಲ ಬೇಕು" ಅಂತ ಪೂರ್ತಿ ಮಾಡಿ ಹೇಳಿ, ತಿದ್ಬೇಡಿ.

ಸ್ಕೂಲಿನ ವಿಷಯಕ್ಕೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋ 6ರಿಂದ 18 ವರ್ಷದ ಮಗು ಹತ್ತಿರದ ಮಾಮೂಲಿ ಸ್ಕೂಲಲ್ಲಾಗ್ಲಿ ಸ್ಪೆಷಲ್ ಸ್ಕೂಲಲ್ಲಾಗ್ಲಿ ತನಗೆ ಬೇಕಾದ ಕಡೆ ಫ್ರೀಯಾಗಿ ಓದ್ಬೋದು ಅಂತಿದೆ. ಅಂದ್ರೆ ಆಯ್ಕೆ ನಿಮ್ಮದು, "ಇವನನ್ನ ಬೇರೆ ಕಡೆ ಹಾಕ್ಕೊಳ್ಳಿ" ಅಂತ ಕಳಿಸೋ ಹಂಗಿಲ್ಲ. ನನ್ನ ಕೇಳಿದ್ರೆ, 8 ವರ್ಷದ ಮಗೂನ ಮೈಸೂರು ಹಾಸ್ಟೆಲ್ಲಿಗೆ ಬಿಡ್ಬೇಡಿ. ಅವನು ಮಾತು ಕಲಿಯೋದು ಅವನ ಜೊತೆ ಮಾತಾಡೋ ಜನ ಎಲ್ಲಿದಾರೋ ಅಲ್ಲಿ, ಸದ್ಯಕ್ಕೆ ಆ ಜನ ಎಲ್ಲಾ ನಿಮ್ಮ ಬೀದೀಲಿದಾರೆ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್, ಮಾಡಿಸಿಲ್ಲ ಅಂದ್ರೆ ಮೊದಲು ಅರ್ಜಿ ಹಾಕಿ, ಮುಂದಕ್ಕೆ ಪರೀಕ್ಷೇಲಿ ಹೆಚ್ಚಿನ ಟೈಮು, ಬರೆಯೋಕೆ ಸಹಾಯಕರು, ಎರಡನೇ ಮೂರನೇ ಭಾಷೆ ವಿನಾಯಿತಿ ಎಲ್ಲಾ ಅದೇ ಕಾಯ್ದೇಲಿದೆ, ಆಗ ಕಾಗದಪತ್ರ ಕೇಳ್ತಾರೆ. ತಾಲ್ಲೂಕಲ್ಲಿ ಬಿಇಒ, ಅಂದ್ರೆ ಶಿಕ್ಷಣಾಧಿಕಾರಿ ಆಫೀಸಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ, ವಿಶೇಷ ಅಗತ್ಯದ ಮಕ್ಕಳಿಗೆ ಅಂತ್ಲೇ ಇರೋ ಟೀಚರು ಅವರು. ತಾಲ್ಲೂಕೆಲ್ಲ ಅವರ ತಲೆ ಮೇಲಿರತ್ತೆ, ವಾರ ವಾರ ಬರೋಕಾಗಲ್ಲ, ಆದ್ರೂ ಬಂದಾಗ ನಿಮ್ಮ ಮಿಸ್ಸು ಜೊತೆ ಕೂರ್ಸಿ ಮಾತಾಡ್ಸಿ.

ಮಿಸ್ಸು ಹತ್ರ ಉದ್ದ ಪಟ್ಟಿ ತಗೊಂಡೋಗ್ಬೇಡಿ, ಅವರಿಗೆ ಒಂದು ಎರಡು ಮೂರನೇ ಕ್ಲಾಸು ಮೂರೂ ಒಂದೇ ರೂಮಲ್ಲಿರತ್ತೆ. ರಟ್ಟಿನ ಇನ್ನೊಂದು ಕಾಪಿ ಮಾಡ್ಸಿ ಅವನ ಬ್ಯಾಗಿಗೆ ಕಟ್ಟಿ ಕಳ್ಸಿ, ಎರಡೇ ಮಾತು ಕೇಳ್ಕೊಳ್ಳಿ. ಒಂದು, ಅವನನ್ನ ಪ್ರಶ್ನೆ ಕೇಳುವಾಗ ಎರಡು ಚೀಟಿ ಹಿಡಿದು ಕೇಳಿ, ತೋರ್ಸಿದ್ರೆ ಉತ್ತರ ಅಂತ ತಗೊಳ್ಳಿ. ಎರಡು, ಹಾಜರಿ ಕೂಗುವಾಗ ಅವನ ಹೆಸರು ಬಂದಾಗ ಒಂದು ಕ್ಷಣ ಕಾಯಿರಿ, ಪಕ್ಕದ ಹುಡುಗ್ರು "ಬಂದವ್ನೆ ಮಿಸ್" ಅಂತ ಅವನ ಪರವಾಗಿ ಕೂಗೋದು ನಿಲ್ಸಿ. ಸಣ್ಣದು ಅನ್ಸತ್ತೆ, ಆದ್ರೆ ದಿನಕ್ಕೊಂದ್ಸಲ ಇಡೀ ಕ್ಲಾಸು ಅವನಿಗೋಸ್ಕರ ಕಾಯತ್ತೆ. ಕೈ ಎತ್ತಿದ್ರೂ ಸಾಕು.

ಕೊನೇಗೆ ನಿಮ್ಮತ್ತೆ ಬಜೆ. ಬಜೆಯಿಂದ ಮಾತು ಬರಲ್ಲ, ಜಾಸ್ತಿ ಹೊಟ್ಟೆಗೆ ಹೋದ್ರೆ ವಾಂತಿ ಆಗತ್ತೆ, ನಿಲ್ಸೋದೇ ಒಳ್ಳೇದು. ಆದ್ರೆ ಬರೀ ನಿಲ್ಸಿ ಅಂದ್ರೆ ಮನೇಲಿ ಜಗಳ, ಮೊಮ್ಮಗನಿಗೋಸ್ಕರ ದಿನಾ ಕೂತು ತೇಯ್ತಿದಾರೆ ಪಾಪ, ಅಷ್ಟು ಶ್ರದ್ಧೆ ನನ್ನ ಕೈಕೆಳಗೆ ಟ್ರೈನಿಂಗ್‌ಗೆ ಬರೋ ಹುಡುಗೀರಿಗೂ ಇಲ್ಲ. ಅದೇ ಹೊತ್ತಿಗೆ ಆ ಫೋಟೋ ಪುಸ್ತಕ ಅವರ ಕೈಗೆ ಕೊಡಿ. ಓದು ಬರದಿದ್ರೂ ಚಿಂತೆ ಇಲ್ಲ, ಫೋಟೋ ನೋಡಿ ಕಥೆ ಹೇಳ್ಲಿ, ಪುಟ ಅವನೇ ತಿರುಗಿಸ್ಲಿ. ಮೂರು ತಿಂಗಳಾದ್ಮೇಲೆ ಅವನು ಏನೇನು ಮುಟ್ಟಿದ, ಏನೇನು ಅಂದ ಅಂತ ಒಂದು ಹಳೇ ಡೈರೀಲಿ ಬರ್ದಿಟ್ಕೊಂಡು ಕಿವಿ ರಿಪೋರ್ಟ್ ಜೊತೆ ಕಳ್ಸಿ, ಅಲ್ಲಿಂದ ಮುಂದಿನದು ನೋಡೋಣ.